ಬೇಬ್ ರೂತ್‌ನನ್ನು ಟೈಮ್ ಮೆಷಿನ್‌ನಿಂದ ಕೆಳಗಿಳಿಸಿ

ಆಡಮ್ ಒಟವೀನೋ ಅಂತ ಒಬ್ಬ ಪಿಚರ್. 2018ರಲ್ಲಿ ಒಂದು ಪಾಡ್‌ಕಾಸ್ಟ್‌ನಲ್ಲಿ ಮಾತಾಡ್ತಾ, ಬೇಬ್ ರೂತ್ ಏನಾದರೂ ನನ್ನೆದುರು ಬ್ಯಾಟ್ ಹಿಡಿದು ನಿಂತರೆ ಪ್ರತಿ ಸಲವೂ ಸ್ಟ್ರೈಕ್‌ಔಟ್ ಮಾಡಿ ವಾಪಸ್ ಕಳಿಸ್ತೀನಿ ಎಂಬರ್ಥದ ಮಾತು ಹೇಳಿದ. ಮಾರನೇ ವರ್ಷ ಆತ ಸೇರಿದ್ದು ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ. ಅಂದರೆ ರೂತ್ ಆಡಿ ಬೆಳೆಸಿದ ಮನೆಗೇ. ಪತ್ರಕರ್ತರು ಕೇಳದೆ ಬಿಡ್ತಾರಾ? ಆತ ನಕ್ಕು ಸಮಜಾಯಿಷಿ ಕೊಟ್ಟ, ವಿಷಯ ಅಲ್ಲಿಗೆ ತಣ್ಣಗಾಯಿತು. ಆದರೆ ಆ ವಾದ ಮಾತ್ರ ತಣ್ಣಗಾಗಿಲ್ಲ ನೋಡಿ. ಅಮೆರಿಕದ ಯಾವ ಆಫೀಸಿನ ಊಟದ ಟೇಬಲ್‌ಗೆ ಹೋದರೂ ಸಿಗುತ್ತೆ. "ರೂತ್ ಆಡಿದ್ದು ಪ್ಲಂಬರ್‌ಗಳ ವಿರುದ್ಧ ಮಾರಾಯಾ, ಇವತ್ತಿನ ನೂರು ಮೈಲಿ ಸ್ಪೀಡಿನ ಬಾಲು ಅವನ ಕಣ್ಣಿಗೇ ಕಾಣ್ತಿರಲಿಲ್ಲ." ಇದನ್ನು ಹೇಳುವವರಲ್ಲಿ ನಮ್ಮ ಹುಡುಗರೂ ಇದ್ದಾರೆ. ಬಂದು ಎರಡು ವರ್ಷ ಆಗಿರುತ್ತೆ, ಬೇಸ್‌ಬಾಲ್ ಅರ್ಥ ಆಗೋಕೆ ಶುರುವಾಗಿ ಆರು ತಿಂಗಳು ಆಗಿರುತ್ತೆ, ತೀರ್ಪು ಮಾತ್ರ ಸುಪ್ರೀಂ ಕೋರ್ಟಿನದ್ದು.

ನಾನು ಇದಕ್ಕೆ ಟೈಮ್ ಮೆಷಿನ್ ವಾದ ಅಂತ ಹೆಸರಿಟ್ಟಿದ್ದೇನೆ. ಈ ಮೆಷಿನ್ನಿನ ವಿಚಿತ್ರ ಏನೆಂದರೆ ಅದು ಒಂದೇ ದಿಕ್ಕಿಗೆ ಓಡುತ್ತದೆ. 1920ರವನನ್ನು ಹತ್ತಿಸಿ ಇವತ್ತಿಗೆ ತಂದು ಇಳಿಸುತ್ತದೆ. ಬರುವಾಗ ಅವನ ಹಳೇ ಊಟ, ಹಳೇ ಬ್ಯಾಟು, ರೈಲಿನಲ್ಲಿ ನಿದ್ದೆಗೆಟ್ಟ ಮೈ ಎಲ್ಲವನ್ನೂ ಜೊತೆಗೇ ಹೊತ್ತುಕೊಂಡು ಬರಬೇಕು. ಇಳಿದ ಮೇಲೆ ಒಂದು ವಾರದ ಪ್ರಾಕ್ಟೀಸೂ ಇಲ್ಲ. ಸೀದಾ ಹೋಗಿ ನಿಂತುಕೋ ಅಂತಾರೆ. ಹೋಗಲಿ, ಇದೇ ಮೆಷಿನ್ನಿಗೆ ಒಟವೀನೋನನ್ನೂ ಒಮ್ಮೆ ಹತ್ತಿಸಿ 1920ಕ್ಕೆ ಕಳಿಸೋಣ ಅಂದರೆ ಯಾಕೋ ಯಾರೂ ಮಾತಾಡಲ್ಲ.

ಕಳಿಸಿದರೆ ಏನಾಗುತ್ತೆ ಗೊತ್ತಾ? ಒಟವೀನೋಗೆ 2015ರಲ್ಲಿ ಮೊಣಕೈಗೆ ಟಾಮಿ ಜಾನ್ ಸರ್ಜರಿ ಆಗಿತ್ತು. ಹರಿದುಹೋದ ಲಿಗಮೆಂಟ್ ಜಾಗಕ್ಕೆ ದೇಹದ ಬೇರೆ ಕಡೆಯಿಂದ ಸ್ನಾಯುರಜ್ಜು ತೆಗೆದು ಕಟ್ಟುವ ಶಸ್ತ್ರಚಿಕಿತ್ಸೆ ಅದು. ಅದನ್ನು ಮೊದಲ ಬಾರಿಗೆ ಮಾಡಿದ್ದು 1974ರಲ್ಲಿ, ಡಾಕ್ಟರ್ ಫ್ರಾಂಕ್ ಜೋಬ್, ಟಾಮಿ ಜಾನ್ ಎಂಬ ಪಿಚರ್‌ಗೆ. ಆ ಜಾನ್ 1976ರಲ್ಲಿ ಮೈದಾನಕ್ಕೆ ಮರಳಿ ಇನ್ನೂ 164 ಪಂದ್ಯ ಗೆದ್ದ. 1974ಕ್ಕಿಂತ ಮೊದಲು ಅದೇ ಲಿಗಮೆಂಟ್ ಹರಿದವನ ಕಥೆ? "ಕೈ ಸತ್ತುಹೋಯ್ತು" ಅಂತಿದ್ದರು, ಊರಿಗೆ ಹೋಗ್ತಿದ್ದ, ಅಷ್ಟೇ. ಸ್ಯಾಂಡಿ ಕೋಫ್ಯಾಕ್ಸ್‌ಗಿಂತ ದೊಡ್ಡ ಉದಾಹರಣೆ ಬೇಕಾ? 1966ರಲ್ಲಿ 27 ಪಂದ್ಯ ಗೆದ್ದು, ಸೋತಿದ್ದು 9, ಒಂಬತ್ತು ಇನ್ನಿಂಗ್ಸಿಗೆ ಸರಾಸರಿ 1.73 ರನ್ ಮಾತ್ರ ಕೊಟ್ಟು, ಆ ಸೀಸನ್ ಮುಗಿಯುತ್ತಿದ್ದಂತೆ ಮೊಣಕೈ ಸಂಧಿವಾತದಿಂದ ಮೂವತ್ತನೇ ವಯಸ್ಸಿಗೇ ನಿವೃತ್ತಿಯಾದ. ಮೂವತ್ತು! ನಮ್ಮಲ್ಲಿ ಎಷ್ಟೋ ಜನ ಆ ವಯಸ್ಸಿಗೆ ಸೀನಿಯರ್ ಇಂಜಿನಿಯರ್ ಕೂಡ ಆಗಿರಲ್ಲ.

ಹಾಗಾಗಿ ಒಟವೀನೋ 1920ರಲ್ಲಿ ರೂತ್‌ಗೆ ಬಾಲ್ ಹಾಕುತ್ತಿರಲಿಲ್ಲ. ಮೊಣಕೈ ಕಟ್ಟಿಕೊಂಡು ಗ್ಯಾಲರಿಯಲ್ಲಿ ಕಡಲೆಕಾಯಿ ತಿನ್ನುತ್ತಾ ಕೂತಿರುತ್ತಿದ್ದ. ಇದು ಅನ್ಯಾಯದ ಹೋಲಿಕೆ ಅನ್ನಿಸಿತಾ? ಖಂಡಿತ ಅನ್ಯಾಯದ್ದೇ. ನಾನು ಹೇಳುತ್ತಿರುವುದೂ ಅದನ್ನೇ.

ಇನ್ನು ಪ್ಲಂಬರ್ ವಿಷಯ. ಹೌದು, ಆ ಕಾಲದ ಆಟಗಾರರು ಚಳಿಗಾಲದಲ್ಲಿ ಬೇರೆ ಕೆಲಸ ಮಾಡುತ್ತಿದ್ದರು. ಸಂಬಳ ಸಾಲುತ್ತಿರಲಿಲ್ಲ ಸ್ವಾಮಿ. ಒಂದು ತಂಡಕ್ಕೆ ಸಹಿ ಹಾಕಿದರೆ ಜೀವನಪರ್ಯಂತ ಆ ತಂಡದ ಸೊತ್ತು ಅನ್ನುವಂಥ ಕರಾರು 1975ರವರೆಗೂ ಜಾರಿಯಲ್ಲಿತ್ತು. ರೂತ್‌ನ ಕಾಲ ಬಿಡಿ, ಎಪ್ಪತ್ತರ ದಶಕದಲ್ಲಿ ಪಿಟ್ಸ್‌ಬರ್ಗ್‌ಗೆ ಆಡಿದ ರಿಚಿ ಹೆಬ್ನರ್ ಸೀಸನ್ ಮುಗಿದ ಮೇಲೆ ಸ್ಮಶಾನದಲ್ಲಿ ಗುಂಡಿ ತೋಡುವ ಕೆಲಸಕ್ಕೆ ಹೋಗುತ್ತಿದ್ದ. ಗುಂಡಿ ತೋಡುತ್ತಿದ್ದ ಎಂಬ ಕಾರಣಕ್ಕೆ ಅವನು ಬ್ಯಾಟಿಂಗ್ ಮರೆತಿರುತ್ತಿದ್ದ ಅಂತ ಎದುರಾಳಿ ಪಿಚರ್ ಯಾರೂ ನಂಬಿ ಸುಮ್ಮನೆ ಕೂರಲಿಲ್ಲ.

ಟೈಮ್ ಮೆಷಿನ್ ವಾದಕ್ಕೆ ನಿಜವಾಗಿ ಏಟು ಕೊಡುವುದು ಇಂಥ ಸಹಾನುಭೂತಿ ಅಲ್ಲ, ಬೇರೆ. ತಲೆಮಾರುಗಳು ಒಂದರ ಮೇಲೊಂದು ಹಾಸಿಕೊಂಡಿರುತ್ತವೆ. ಮಧ್ಯೆ ಬಿರುಕೇ ಇಲ್ಲ. ಟೆಡ್ ವಿಲಿಯಮ್ಸ್‌ನನ್ನೇ ತಗೊಳ್ಳಿ. 1939ರಲ್ಲಿ ಬಾಸ್ಟನ್‌ಗೆ ಬಂದಾಗ ತಂಡದಲ್ಲಿ ಜಿಮ್ಮಿ ಫಾಕ್ಸ್ ಇದ್ದ. ಈ ಫಾಕ್ಸ್, ರೂತ್‌ನ ಜೊತೆ ಹೋಮ್ ರನ್ ಪೈಪೋಟಿ ಮಾಡಿದವನು. ಆ ವರ್ಷ ವಿಲಿಯಮ್ಸ್ ಥಾರ್ನ್‌ಟನ್ ಲೀ ಎಂಬ ಪಿಚರ್‌ನ ಬಾಲಿಗೆ ಹೋಮ್ ರನ್ ಹೊಡೆದ. 1960ರಲ್ಲಿ ಡಾನ್ ಲೀ ಎಂಬ ಪಿಚರ್‌ನ ಬಾಲಿಗೂ ಹೋಮ್ ರನ್ ಹೊಡೆದ. ಡಾನ್ ಯಾರು? ಥಾರ್ನ್‌ಟನ್‌ನ ಮಗ! ಅಪ್ಪನಿಗೂ ಹೊಡೆದ, ಮಗನಿಗೂ ಹೊಡೆದ. ನಡುವೆ ಎರಡು ಯುದ್ಧಕ್ಕೆ ಪೈಲಟ್ ಆಗಿ ಹೋಗಿ ಬಂದ. ಹೊಸ ತಲೆಮಾರು ಹಳೆಯದನ್ನು ನುಂಗಿ ನೀರು ಕುಡಿಯುವಷ್ಟು ಬಲಿಷ್ಠವಾಗಿದ್ದರೆ 1957ರಲ್ಲಿ, ಮೂವತ್ತೊಂಬತ್ತಕ್ಕೆ ಕಾಲಿಡುತ್ತಿದ್ದ ಈ ಮನುಷ್ಯ .388 ಸರಾಸರಿಯಲ್ಲಿ ಹೊಡೆಯೋಕೆ ಸಾಧ್ಯವೇ ಇರುತ್ತಿರಲಿಲ್ಲ. ಕೊನೆಯ ಸೀಸನ್ 1960ರಲ್ಲಿ, ನಲವತ್ತೆರಡು ತುಂಬಿದಾಗ, 29 ಹೋಮ್ ರನ್, ಸರಾಸರಿ .316. ಅವನ ಜಾಗಕ್ಕೆ ಬಂದವನು ಕಾರ್ಲ್ ಯಾಸ್ಟ್ರೆಮ್ಸ್ಕಿ. ಯಾಸ್ಟ್ರೆಮ್ಸ್ಕಿ 1983ರವರೆಗೆ ಆಡಿದ. ಕೊನೆಗೆ ಅವನ ಜೊತೆ ಆಡಿದ ವೇಡ್ ಬಾಗ್ಸ್ 1999ರವರೆಗೆ ಆಡಿದ. ಹೇಳಿ ಈಗ, ಈ ಸರಪಳಿಯ ಯಾವ ಕೊಂಡಿಯಲ್ಲಿ ಪ್ಲಂಬರ್‌ಗಳು ಮುಗಿದು ನಿಜವಾದ ಆಟಗಾರರು ಶುರುವಾದರು?

ಕ್ರಿಕೆಟ್ ಮಾತ್ರ ಗೊತ್ತಿರುವವರಿಗೆ ಒಂದು ಮಾತು. ಬೇಸ್‌ಬಾಲ್‌ನಲ್ಲಿ ಹತ್ತು ಸಲಕ್ಕೆ ಮೂರು ಸಲ ಹಿಟ್ ಹೊಡೆದರೆ, ಅಂದರೆ .300, ನೀವು ಒಳ್ಳೇ ಬ್ಯಾಟರ್. ನಾಲ್ಕು ಸಲ ಹೊಡೆದರೆ ದೇವರು. ಹೋಮ್ ರನ್ ಅಂದರೆ ನಮ್ಮ ಸಿಕ್ಸರ್‌ನ ಅಣ್ಣ.

ರೂತ್ ಬರುವ ಮೊದಲು ಹೋಮ್ ರನ್ ಎಂಬುದು ಅಪರೂಪದ ಅತಿಥಿ. ಫ್ರಾಂಕ್ ಬೇಕರ್ ಎಂಬವನಿಗೆ ಜನ ಹೋಮ್ ರನ್ ಬೇಕರ್ ಅಂತಲೇ ಅಡ್ಡಹೆಸರು ಇಟ್ಟಿದ್ದರು. ಅವನ ಅತಿ ದೊಡ್ಡ ವರ್ಷ 1913. ಇಡೀ ಸೀಸನ್ನಿಗೆ ಎಷ್ಟು ಹೊಡೆದ? 12. ಅದಕ್ಕೇ ಆ ಲೀಗ್‌ನಲ್ಲಿ ಮೊದಲ ಸ್ಥಾನ. 1919ರಲ್ಲಿ ರೂತ್ 29 ಹೊಡೆದ. 1920ರಲ್ಲಿ ಯಾಂಕೀಸ್‌ಗೆ ಬಂದು 54. ಆ ವರ್ಷ ಎರಡನೇ ಸ್ಥಾನದಲ್ಲಿದ್ದ ಜಾರ್ಜ್ ಸಿಸ್ಲರ್ ಹೊಡೆದಿದ್ದು 19. ಉಳಿದ ಹದಿನೈದು ತಂಡಗಳಲ್ಲಿ ಒಂದೇ ಒಂದು ತಂಡ, ಫಿಲಡೆಲ್ಫಿಯಾ ಫಿಲೀಸ್, ಇಡೀ ತಂಡ ಸೇರಿ ರೂತ್ ಒಬ್ಬನಿಗಿಂತ ಹೆಚ್ಚು ಹೊಡೆಯಿತು. ಉಳಿದ ಹದಿನಾಲ್ಕು ತಂಡಗಳು ಒಬ್ಬ ಮನುಷ್ಯನ ಕೆಳಗೆ.

"ಬಾಲ್ ಬದಲಾಯ್ತಲ್ಲಾ ಆವಾಗ" ಅಂತಾರೆ. ಬದಲಾಯ್ತು, ಒಪ್ಪಿದೆ. 1920ರಲ್ಲಿ ಎಂಜಲು ಹಚ್ಚಿ ಹಾಕುವ ಬಾಲನ್ನು ನಿಷೇಧಿಸಿದರು, ಹಳೇ ಹದಿನೇಳು ಪಿಚರ್‌ಗಳಿಗೆ ಮಾತ್ರ ರಿಯಾಯಿತಿ ಕೊಟ್ಟು. ಅದೇ ಆಗಸ್ಟ್‌ನಲ್ಲಿ ಕ್ಲೀವ್‌ಲ್ಯಾಂಡ್‌ನ ರೇ ಚಾಪ್‌ಮನ್ ತಲೆಗೆ ಬಾಲ್ ಬಡಿದು ತೀರಿಕೊಂಡ. ಆಮೇಲೆ ಮಣ್ಣು ಮೆತ್ತಿ ಕಪ್ಪಾದ ಬಾಲನ್ನೇ ಆಡಿಸುವುದು ಬಿಟ್ಟು ಬಿಳಿ ಬಾಲು ಆಗಾಗ ಬದಲಿಸಲು ಶುರು ಮಾಡಿದರು. ಎಲ್ಲ ಸರಿ. ಆದರೆ ಆ ಬಿಳಿ ಬಾಲು ಸಿಸ್ಲರ್‌ಗೂ ಸಿಕ್ಕಿತ್ತಲ್ಲ? ಎಲ್ಲರಿಗೂ ಸಿಕ್ಕ ಅವಕಾಶದಲ್ಲಿ ಏನು ಮಾಡಬಹುದು ಎಂಬುದನ್ನು ಒಬ್ಬ ಮೊದಲು ಕಂಡುಕೊಂಡರೆ ಅದಕ್ಕೆ ಪ್ರತಿಭೆ ಅಂತಲೇ ಹೆಸರು. ಆಮೇಲೆ ಹುಟ್ಟಿದವರೆಲ್ಲ ಅವನ ತರ ಬ್ಯಾಟ್ ಬೀಸೋಕೆ ಕಲಿತರು. ಇವತ್ತು ಅವನನ್ನು ನೋಡಿ ನಗುವವನು ಅವನು ತೋರಿಸಿದ ಆಟವನ್ನೇ ಆಡುತ್ತಿದ್ದಾನೆ.

ಇಷ್ಟು ಓದಿ ಹಳೇ ಕಾಲದ ಭಕ್ತರು ಖುಷಿಯಾಗಿದ್ದರೆ ಸ್ವಲ್ಪ ತಡೀರಿ. ನನ್ನ ನಿಜವಾದ ಜಗಳ ಇರುವುದು ನಿಮ್ಮ ಜೊತೆ.

ಮೊದಲನೆಯದಾಗಿ, "ಈಗ .400 ಹೊಡೆಯೋ ಗಂಡು ಎಲ್ಲಿದ್ದಾನೆ" ಎಂಬ ಆ ಹಾಡು ನಿಲ್ಲಿಸಿ. 1941ರಲ್ಲಿ ವಿಲಿಯಮ್ಸ್ .406 ಹೊಡೆದ ಮೇಲೆ ಮೇಜರ್ ಲೀಗ್‌ನಲ್ಲಿ ಯಾರೂ ಪೂರಾ ಸೀಸನ್ .400 ಮುಟ್ಟಿಲ್ಲ, ನಿಜ. ಪ್ರಾಚೀನ ಜೀವಿಗಳನ್ನು ಅಧ್ಯಯನ ಮಾಡುತ್ತಿದ್ದ ಸ್ಟೀಫನ್ ಜೇ ಗೌಲ್ಡ್ 1996ರ 'ಫುಲ್ ಹೌಸ್' ಪುಸ್ತಕದಲ್ಲಿ ಇದಕ್ಕೆ ಕೊಟ್ಟ ವಿವರಣೆಗೆ ಇವತ್ತಿಗೂ ಸರಿಸಾಟಿ ಇಲ್ಲ. ಎತ್ತರದಲ್ಲಿದ್ದವರು ಕುಸಿದದ್ದಲ್ಲ, ತಳದಲ್ಲಿದ್ದವರು ಮೇಲೆ ಬಂದರು. ಪಿಚಿಂಗು, ಫೀಲ್ಡಿಂಗು, ಬ್ಯಾಟಿಂಗು ಎಲ್ಲದರ ಸಾಮಾನ್ಯ ಮಟ್ಟ ಏರಿದಾಗ ಅತ್ಯುತ್ತಮನಿಗೂ ಸಾಧಾರಣನಿಗೂ ನಡುವಿನ ಅಂತರ ಕಿರಿದಾಗುತ್ತದೆ. ನಮ್ಮೂರಿನ ಶಾಲೆಯಲ್ಲಿ ಮೊದಲನೇ ರ‍್ಯಾಂಕಿನವನು ಎರಡನೆಯವನಿಗಿಂತ ಐವತ್ತು ಮಾರ್ಕು ಮುಂದಿರುತ್ತಿದ್ದ. ಸಿಇಟಿಯಲ್ಲಿ ಅದೇ ಹುಡುಗನಿಗೂ ಪಕ್ಕದವನಿಗೂ ಅರ್ಧ ಮಾರ್ಕಿನ ಗುದ್ದಾಟ. ಹುಡುಗ ದಡ್ಡನಾದನಾ?

ಅಂದಮೇಲೆ ರೂತ್‌ನ 54ಕ್ಕೂ ಸಿಸ್ಲರ್‌ನ 19ಕ್ಕೂ ಇರುವ ಕಂದಕದಲ್ಲಿ ಒಂದು ಪಾಲು ರೂತ್‌ನ ಹೆಚ್ಚುಗಾರಿಕೆ, ಇನ್ನೊಂದು ಪಾಲು ಆ ಲೀಗ್‌ನ ತೆಳುತನ. ಎರಡನ್ನೂ ಒಟ್ಟಿಗೆ ಹೇಳುವ ಪ್ರಾಮಾಣಿಕತೆ ಬೇಕು. ಮತ್ತು ಆ ಲೀಗ್ ತೆಳುವಾಗಿದ್ದದ್ದು ಯಾಕೆ ಎಂಬುದನ್ನೂ ಬಾಯಿಬಿಟ್ಟು ಹೇಳಬೇಕು. ಬಾಗಿಲು ಮುಚ್ಚಿತ್ತು. ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಎಲ್ಲೂ ಬರೆದಿಟ್ಟ ಕಾನೂನಲ್ಲ, ಎಲ್ಲರೂ ಪಾಲಿಸಿದ ಒಪ್ಪಂದ. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಅಂಗಿ ಹಾಕಿ ಇಳಿಯುವವರೆಗೆ. ಬಾಸ್ಟನ್ ರೆಡ್ ಸಾಕ್ಸ್ ಅಂತೂ ಮೊದಲ ಕಪ್ಪು ಆಟಗಾರನನ್ನು ಆಡಿಸಿದ್ದು 1959ರಲ್ಲಿ.

ಜಾಶ್ ಗಿಬ್ಸನ್ ಹೆಸರು ಕೇಳಿದ್ದೀರಾ? ಹೋಮ್‌ಸ್ಟೆಡ್ ಗ್ರೇಸ್ ತಂಡದ ಕ್ಯಾಚರ್. ನೀಗ್ರೋ ಲೀಗ್‌ಗಳ ಅತಿ ದೊಡ್ಡ ಬ್ಯಾಟರ್. 1947ರ ಜನವರಿಯಲ್ಲಿ, ರಾಬಿನ್ಸನ್ ಮೈದಾನಕ್ಕೆ ಇಳಿಯುವ ಮೂರು ತಿಂಗಳ ಮೊದಲು, ಮೂವತ್ತೈದನೇ ವಯಸ್ಸಿನಲ್ಲಿ ತೀರಿಕೊಂಡ. ಮೇಜರ್ ಲೀಗ್‌ನ ಒಂದೇ ಒಂದು ಬಾಲು ಆಡಲಿಲ್ಲ. 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ, 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗ್‌ಗಳೂ ಮೇಜರ್ ಲೀಗ್‌ಗಳೇ ಅಂತ ಘೋಷಿಸಿತು. 2024ರ ಮೇ ತಿಂಗಳಲ್ಲಿ ಆ ಅಂಕಿಗಳನ್ನು ಅಧಿಕೃತ ದಾಖಲೆಗೆ ಸೇರಿಸಿತು. ಅವತ್ತು ಗಿಬ್ಸನ್‌ನ ಜೀವಮಾನದ ಸರಾಸರಿ .372, ಟೈ ಕಾಬ್‌ನ .367 ಅನ್ನು ದಾಟಿ ಮೊದಲ ಸ್ಥಾನಕ್ಕೆ ಹೋಯಿತು. ಹೊಡೆತದ ಬಲ ಅಳೆಯುವ ಸ್ಲಗಿಂಗ್ ಲೆಕ್ಕದಲ್ಲಿ .718, ರೂತ್‌ನ .690ಗಿಂತ ಮುಂದೆ.

ಗಲಾಟೆ ಶುರುವಾಯಿತು. ಅಲ್ಲಿಯವರೆಗೆ ಟೈಮ್ ಮೆಷಿನ್ನಿನವರೂ ಹಳೇ ಕಾಲದ ಭಕ್ತರೂ ಕಿತ್ತಾಡುತ್ತಿದ್ದರು, ಅವತ್ತು ಇಬ್ಬರೂ ಒಂದಾದರು! "ಇದು ರಾಜಕೀಯ." "ಅವರು ವರ್ಷಕ್ಕೆ ಅರವತ್ತು ಎಪ್ಪತ್ತು ಪಂದ್ಯ ಆಡಿದ್ದು." "ಎದುರಾಳಿಗಳು ದುರ್ಬಲ." "ಸ್ಕೋರ್ ಬುಕ್ಕುಗಳೇ ಇಲ್ಲ." ಒಂದೊಂದಾಗಿ ನೋಡೋಣ, ನನಗೂ ಸ್ವಲ್ಪ ಕೋಪ ಇದೆ.

ಪಂದ್ಯ ಕಡಿಮೆ. ಹೌದು, ಲೀಗ್ ಪಂದ್ಯಗಳು ಕಡಿಮೆ. ಉಳಿದ ದಿನ ಅವರು ಬಸ್ಸಿನಲ್ಲಿ ಊರೂರು ಸುತ್ತಿ ಪ್ರದರ್ಶನ ಪಂದ್ಯ ಆಡಿ ಹೊಟ್ಟೆ ಹೊರೆಯುತ್ತಿದ್ದರು. ಆ ಪಂದ್ಯಗಳು ಯಾವುದೂ ಲೆಕ್ಕಕ್ಕೆ ಬಂದಿಲ್ಲ. ಹಾಲ್ ಆಫ್ ಫೇಮ್‌ನ ಫಲಕದಲ್ಲಿ ಗಿಬ್ಸನ್ ಹೆಸರಿನ ಕೆಳಗೆ ಎಂಟುನೂರರ ಹತ್ತಿರ ಹೋಮ್ ರನ್ ಎಂದಿದೆ, ಅಧಿಕೃತ ದಾಖಲೆಯಲ್ಲಿ 200 ಕೂಡ ದಾಟುವುದಿಲ್ಲ. ಅಂದರೆ ಹೊಸ ಲೆಕ್ಕ ಅವನಿಗೆ ಉಡುಗೊರೆ ಕೊಟ್ಟಿಲ್ಲ, ಕತ್ತರಿಸಿಯೇ ಕೊಟ್ಟಿದೆ. ಸಣ್ಣ ಸೀಸನ್‌ನಲ್ಲಿ ದೊಡ್ಡ ಸರಾಸರಿ ಬರುವುದು ಸುಲಭ ಎಂಬುದು ನಿಜ. 1943ರ ಅವನ .466 ಅನ್ನು ನಾನು ಪೂರಾ ಸೀಸನ್‌ನ .400 ಪಕ್ಕ ಕಣ್ಣುಮುಚ್ಚಿ ಇಡಲ್ಲ. ಆದರೆ ಹದಿನಾಲ್ಕು ಸೀಸನ್‌ಗಳ .372? ಅದಕ್ಕೂ ಅದೃಷ್ಟ ಅಂತೀರಾ?

ಸ್ಕೋರ್ ಬುಕ್ಕು. ಟೈ ಕಾಬ್‌ನ ಹಿಟ್‌ಗಳ ಸಂಖ್ಯೆ ಒಂದು ಲೆಕ್ಕದಲ್ಲಿ 4,191, ಇನ್ನೊಂದರಲ್ಲಿ 4,189. 1910ರ ಒಂದು ಪಂದ್ಯವನ್ನು ಎರಡು ಸಲ ಬರೆದುಕೊಂಡಿದ್ದರು ಎಂಬುದು ಹಲವು ದಶಕಗಳ ನಂತರ ಹೊರಗೆ ಬಂತು. ಅಂಥ ಬುಕ್ಕನ್ನು ಪವಿತ್ರ ಗ್ರಂಥ ಮಾಡಿಕೊಂಡವರು ಕಪ್ಪು ಪತ್ರಿಕೆಗಳ ಹಳೇ ಸಂಚಿಕೆ ಹುಡುಕಿ ಒಂದೊಂದು ಬಾಕ್ಸ್ ಸ್ಕೋರನ್ನೂ ತಾಳೆ ನೋಡಿದ ಸಂಶೋಧಕರಿಗೆ ಪಾಠ ಹೇಳುವುದು ಬೇಡ.

ಎದುರಾಳಿ ದುರ್ಬಲ. ಇದೇ ನನಗೆ ಮೈ ಉರಿಸುವ ಮಾತು. ಇದನ್ನು ಪರೀಕ್ಷಿಸೋಕೆ ಟೈಮ್ ಮೆಷಿನ್ ಬೇಕಾಗಿಲ್ಲ, ಚರಿತ್ರೆಯೇ ಪರೀಕ್ಷೆ ಮಾಡಿ ಇಟ್ಟಿದೆ. ಬಾಗಿಲು ತೆರೆದ ಮೇಲೆ ಏನಾಯಿತು ಅಂತ ನೋಡಿದರೆ ಸಾಕು. ನ್ಯಾಷನಲ್ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿ, ನಾವೆಲ್ಲ ಎಂವಿಪಿ ಅಂತೀವಲ್ಲ ಅದು, 1949ರಿಂದ 1959ರವರೆಗೆ ಹನ್ನೊಂದು ವರ್ಷ. ರಾಬಿನ್ಸನ್ ಒಮ್ಮೆ, ರಾಯ್ ಕ್ಯಾಂಪನೆಲ್ಲಾ ಮೂರು ಸಲ, ವಿಲ್ಲಿ ಮೇಸ್, ಡಾನ್ ನ್ಯೂಕೂಂಬ್, ಹ್ಯಾಂಕ್ ಆರನ್ ಒಂದೊಂದು ಸಲ, ಅರ್ನಿ ಬ್ಯಾಂಕ್ಸ್ ಎರಡು ಸಲ. ಹನ್ನೊಂದರಲ್ಲಿ ಒಂಬತ್ತು. ಈ ಒಂಬತ್ತನ್ನೂ ಗೆದ್ದವರು ನೀಗ್ರೋ ಲೀಗ್‌ಗಳಲ್ಲಿ ಆಡಿ ಬಂದವರು. ಸ್ಯಾಚೆಲ್ ಪೇಜ್ 1948ರಲ್ಲಿ, ನಲವತ್ತೆರಡನೇ ವಯಸ್ಸಿನಲ್ಲಿ, "ಹೊಸಬ" ಎಂದು ಕ್ಲೀವ್‌ಲ್ಯಾಂಡ್‌ಗೆ ಬಂದು 6 ಪಂದ್ಯ ಗೆದ್ದು 1 ಸೋತ. 1965ರಲ್ಲಿ ಕ್ಯಾನ್ಸಸ್ ಸಿಟಿ ತಂಡದ ಮಾಲೀಕ ಟಿಕೆಟ್ ಮಾರಾಟಕ್ಕೆ ತಮಾಷೆ ಅಂತ ಐವತ್ತೊಂಬತ್ತರ ಪೇಜ್‌ನನ್ನು ಒಂದು ಪಂದ್ಯಕ್ಕೆ ಇಳಿಸಿದ. ಮೂರು ಇನ್ನಿಂಗ್ಸ್, ರನ್ ಸೊನ್ನೆ, ಒಂದೇ ಹಿಟ್. ಆ ಹಿಟ್ ಹೊಡೆದವನು ಯಾಸ್ಟ್ರೆಮ್ಸ್ಕಿ. ಹೌದು, ಮೇಲೆ ಹೇಳಿದ ಸರಪಳಿಯ ಯಾಸ್ಟ್ರೆಮ್ಸ್ಕಿಯೇ. ದುರ್ಬಲ ಎದುರಾಳಿಯಂತೆ!

ಹಾಗಾಗಿ ಗಿಬ್ಸನ್‌ನ .372 ಪಕ್ಕ ಚುಕ್ಕಿ ಗುರುತು ಹಾಕಿ ಅನ್ನುವವರಿಗೆ ನನ್ನ ಉತ್ತರ: ಧಾರಾಳವಾಗಿ ಹಾಕಿ, ರೂತ್‌ನ 714ಕ್ಕೂ ಕಾಬ್‌ನ .367ಕ್ಕೂ ಹಾಕಿದ ಮೇಲೆ. ಗಿಬ್ಸನ್ ಅತ್ಯುತ್ತಮ ಬಿಳಿಯ ಪಿಚರ್‌ಗಳನ್ನು ಲೀಗ್‌ನಲ್ಲಿ ಎದುರಿಸಲಿಲ್ಲ ಅನ್ನುವುದು ದೋಷವಾದರೆ, ರೂತ್ ಪೇಜ್‌ನನ್ನು ಲೀಗ್‌ನಲ್ಲಿ ಎದುರಿಸಲಿಲ್ಲ ಅನ್ನುವುದೂ ದೋಷವೇ. ವ್ಯತ್ಯಾಸ ಇಷ್ಟೇ: ಬಾಗಿಲ ಚಿಲಕ ಇದ್ದದ್ದು ಒಂದೇ ಕಡೆ.

ಇಲ್ಲಿಗೆ ಲೆಕ್ಕದ ಪಂಡಿತರು ಬರ್ತಾರೆ. ನನ್ನ ಬಳಗದಲ್ಲಿ ಇವರೇ ಜಾಸ್ತಿ, ಎಲ್ಲರೂ ಡೇಟಾ ಸೈನ್ಸಿನವರು. "ಭಾವುಕತೆ ಬೇಡ, ವಾರ್ ನೋಡು" ಅಂತಾರೆ. ವಾರ್ ಅಂದರೆ ಯುದ್ಧ ಅಲ್ಲ, ಸುಲಭಕ್ಕೆ ಸಿಗುವ ಬದಲಿ ಆಟಗಾರನಿಗಿಂತ ಈತ ತಂಡಕ್ಕೆ ಎಷ್ಟು ಗೆಲುವು ಹೆಚ್ಚಿಗೆ ತಂದ ಎಂಬ ಲೆಕ್ಕ. ಒಳ್ಳೇ ಲೆಕ್ಕ ಅದು, ನಾನೂ ನೋಡ್ತೀನಿ. ಬರೀ ಸಂಖ್ಯೆ ಹೋಲಿಸುವುದಕ್ಕಿಂತ ಸಾವಿರ ಪಾಲು ಮೇಲು. 1930ರಲ್ಲಿ ನ್ಯಾಷನಲ್ ಲೀಗ್‌ನ ಒಟ್ಟಾರೆ ಸರಾಸರಿಯೇ .303 ಇತ್ತು. 1968ರಲ್ಲಿ ಪಿಚರ್‌ಗಳ ಕೈ ಎಷ್ಟು ಮೇಲಾಗಿತ್ತೆಂದರೆ ಬಾಬ್ ಗಿಬ್ಸನ್ ಒಂಬತ್ತು ಇನ್ನಿಂಗ್ಸಿಗೆ 1.12 ರನ್ ಮಾತ್ರ ಕೊಟ್ಟ, ಅಮೆರಿಕನ್ ಲೀಗ್‌ನಲ್ಲಿ ಯಾಸ್ಟ್ರೆಮ್ಸ್ಕಿ .301 ಹೊಡೆದೇ ಬ್ಯಾಟಿಂಗ್ ಕಿರೀಟ ಗೆದ್ದ. ಮಾರನೇ ವರ್ಷ ಪಿಚರ್ ನಿಲ್ಲುವ ದಿಬ್ಬವನ್ನು 15 ಇಂಚಿನಿಂದ 10 ಇಂಚಿಗೆ ಇಳಿಸಿಬಿಟ್ಟರು. 1930ರ .303 ಲೀಗ್‌ನ ಸಾಧಾರಣ ಆಟಗಾರನದ್ದು, 1968ರ .301 ಚಾಂಪಿಯನ್ನನದ್ದು. ಇಂಥದ್ದನ್ನು ಸರಿದೂಗಿಸೋಕೆ ಸೂತ್ರ ಬೇಕೇ ಬೇಕು. ವಿಲಿಯಮ್ಸ್‌ನ .406 ಕೂಡ ಹಾಗೇ. ಎತ್ತರಕ್ಕೆ ಹೊಡೆದು ತಾನು ಔಟಾದರೂ ಜೊತೆಗಾರನಿಂದ ರನ್ ತರಿಸಿದರೆ ಈಗಿನ ನಿಯಮದಲ್ಲಿ ಅದು ಸರಾಸರಿಗೆ ಪೆಟ್ಟು ಕೊಡಲ್ಲ, 1941ರಲ್ಲಿ ಕೊಡುತ್ತಿತ್ತು.

ಆದರೆ ಸೂತ್ರ ಎಲ್ಲಿ ಕೈಕೊಡುತ್ತೆ ಹೇಳ್ತೀನಿ. ಅದು ಆಟಗಾರನನ್ನು ಅವನ ಲೀಗ್‌ನ ಸರಾಸರಿ ಜೊತೆ ತೂಗುತ್ತದೆ. ಲೀಗ್‌ನ ಒಳಗೆ ಯಾರಿದ್ದರು ಎಂಬುದು ಅದಕ್ಕೆ ಗೊತ್ತು, ಹೊರಗೆ ಯಾರನ್ನು ನಿಲ್ಲಿಸಿದ್ದರು ಎಂಬುದು ಗೊತ್ತಿಲ್ಲ. ನಿಮ್ಮ ಆಫೀಸಿನ ಅಪ್ರೈಸಲ್ ಬೆಲ್ ಕರ್ವ್ ನೆನಪಿಸಿಕೊಳ್ಳಿ. ಎ ಟೀಮಿನಲ್ಲಿ ಐದರಲ್ಲಿ ಐದು ರೇಟಿಂಗ್ ತಗೊಂಡವನೂ ಬಿ ಟೀಮಿನಲ್ಲಿ ಮೂರು ತಗೊಂಡವನೂ ಯಾರು ಮೇಲು ಅಂತ ಆ ಸಂಖ್ಯೆಯಿಂದ ಗೊತ್ತಾಗುತ್ತಾ? ವರ್ಷಕ್ಕೊಮ್ಮೆ ಇದೇ ವಿಷಯಕ್ಕೆ ಮ್ಯಾನೇಜರ್ ಜೊತೆ ಹೊಡೆದಾಡುವವರು ರೂತ್ ವಿಷಯ ಬಂದಾಗ ಮಾತ್ರ ದಶಮಾಂಶಕ್ಕೆ ಕೈಮುಗಿಯುವುದು ಸೋಜಿಗ.

ಬ್ಯಾರಿ ಬಾಂಡ್ಸ್ ಬಗ್ಗೆ ಹೆಚ್ಚು ಹೊತ್ತು ನಿಲ್ಲಲ್ಲ. 762 ಹೋಮ್ ರನ್. 2004ರಲ್ಲಿ ಎದುರಾಳಿಗಳು ಹೆದರಿ ಅವನನ್ನು 120 ಸಲ ಬೇಕಂತಲೇ ಬ್ಯಾಟ್ ಬೀಸಲು ಬಿಡದೆ ನಡೆಸಿ ಕಳಿಸಿದರು. ಸ್ಟೆರಾಯ್ಡ್ ನೆರಳಿನಿಂದಾಗಿ ಪತ್ರಕರ್ತರು ಹತ್ತು ವರ್ಷ ಸತತವಾಗಿ ಅವನಿಗೆ ಹಾಲ್ ಆಫ್ ಫೇಮ್ ಬಾಗಿಲು ತೆರೆಯಲಿಲ್ಲ. ಸರಿಯೋ ತಪ್ಪೋ, ಒಂದು ಮಾತು: ಇಡೀ ಬಿಳಿ ಲೀಗ್‌ನ ದಾಖಲೆಗಳನ್ನು ಶುದ್ಧ ಅಂದುಕೊಂಡು ಬಾಂಡ್ಸ್‌ನದ್ದು ಮಾತ್ರ ಮೈಲಿಗೆ ಅನ್ನುವವರ ಶುದ್ಧತೆಯ ಕಲ್ಪನೆ ನನಗೆ ಅರ್ಥವಾಗಿಲ್ಲ.

ಶೋಹೇ ಒಹ್ತಾನಿ ಬಗ್ಗೆ ಹೇಳದಿದ್ದರೆ ಹುಡುಗರು ಬಿಡಲ್ಲ. ರೂತ್ ಮೊದಲು ಪಿಚರ್ ಆಗಿದ್ದವನು, 94 ಪಂದ್ಯ ಗೆದ್ದವನು. ಆದರೆ ಪಿಚಿಂಗ್ ಬ್ಯಾಟಿಂಗ್ ಎರಡನ್ನೂ ಒಟ್ಟಿಗೆ ಗಂಭೀರವಾಗಿ ಮಾಡಿದ್ದು 1918, 1919 ಎರಡೇ ವರ್ಷ. ಆಮೇಲೆ ಪಿಚಿಂಗ್ ಹೆಚ್ಚುಕಮ್ಮಿ ಬಿಟ್ಟೇಬಿಟ್ಟ. ಒಹ್ತಾನಿ 2022ರಲ್ಲಿ 15 ಪಂದ್ಯ ಗೆದ್ದು 34 ಹೋಮ್ ರನ್ ಹೊಡೆದ. ಸಾಧಾರಣ ಪಿಚರ್ ಕೂಡ 94 ಮೈಲಿ ಎಸೆಯುವ ಕಾಲದಲ್ಲಿ, ಜಪಾನ್, ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾ, ಕೊರಿಯಾ ಎಲ್ಲರೂ ಆಡುವ ಲೀಗ್‌ನಲ್ಲಿ. ಆ ಎರಡು ಕೆಲಸ ಒಟ್ಟಿಗೆ ಎಂಬ ವಿಷಯದಲ್ಲಿ ರೂತ್‌ಗಿಂತ ಒಹ್ತಾನಿ ದೊಡ್ಡವನು ಅನ್ನೋಕೆ ನನಗೆ ಯಾವ ಹಿಂಜರಿಕೆಯೂ ಇಲ್ಲ. ಟೈಮ್ ಮೆಷಿನ್ ಇಲ್ಲದೆಯೇ ಇದನ್ನು ಹೇಳಬಹುದು, ಗಮನಿಸಿ. ಹಾಗೆಯೇ, ಜಪಾನ್‌ನಲ್ಲಿ 868 ಹೋಮ್ ರನ್ ಹೊಡೆದ ಸದಹರು ಓ ಅಮೆರಿಕದಲ್ಲಿ ಆಡಲೇ ಇಲ್ಲ ಎಂಬುದೂ ನೆನಪಿರಲಿ.

ಕ್ರಿಕೆಟ್‌ನವರು ಈ ವಿಷಯದಲ್ಲಿ ಸ್ವಲ್ಪ ವಾಸಿ. 1932ರಲ್ಲಿ ಆಸ್ಟ್ರೇಲಿಯಾದ ತಂಡದ ಜೊತೆ ಅಮೆರಿಕ ಸುತ್ತುತ್ತಿದ್ದ ಬ್ರಾಡ್‌ಮನ್ ಯಾಂಕೀ ಸ್ಟೇಡಿಯಂನಲ್ಲಿ ಬೇಬ್ ರೂತ್ ಪಕ್ಕ ಕೂತು ಆಟ ನೋಡಿದರು. ಆ ಬ್ರಾಡ್‌ಮನ್ ಆಡಿದ 52 ಟೆಸ್ಟ್‌ಗಳಲ್ಲಿ 37 ಒಂದೇ ದೇಶದ, ಇಂಗ್ಲೆಂಡಿನ, ವಿರುದ್ಧ. ಆದರೂ 99.94 ಅಂದರೆ ನಾವು ಟೋಪಿ ತೆಗೆಯುತ್ತೇವೆ. ಯಾಕೆ? ಅದೇ ಕಾಲದ ಅದೇ ಬೌಲರ್‌ಗಳ ಎದುರು ಉಳಿದ ಘಟಾನುಘಟಿಗಳು ಅರವತ್ತರ ಆಸುಪಾಸಿನಲ್ಲೇ ನಿಂತರು ಅಂತ. ನಮ್ಮ ವಿಶಿ 1975ರ ಜನವರಿಯಲ್ಲಿ ಮದರಾಸಿನಲ್ಲಿ ಆ್ಯಂಡಿ ರಾಬರ್ಟ್ಸ್ ಎದುರು ಔಟಾಗದೆ ಗಳಿಸಿದ 97ನ್ನು ಇಂದಿನ ಯಾವ ದ್ವಿಶತಕದ ಪಕ್ಕ ಇಟ್ಟರೂ ಅಪ್ಪಂದಿರು ಬಿಟ್ಟುಕೊಡಲ್ಲ. ತಂಡದ ಮೊತ್ತ 190 ಎಂಬುದು ಅವರಿಗೆ ನೆನಪಿದೆ. ಅಳೆಯುವ ಕ್ರಮ ಅದೇ.

ಇಷ್ಟೆಲ್ಲ ಹೇಳಿ ನಿನ್ನ ನಂಬರ್ ಒನ್ ಯಾರು ಅಂದರೆ ಜಾರಿಕೊಳ್ಳಲ್ಲ. ವಿಲ್ಲಿ ಮೇಸ್. ಹದಿಹರೆಯದಲ್ಲಿ ಬರ್ಮಿಂಗ್‌ಹ್ಯಾಮ್ ಬ್ಲ್ಯಾಕ್ ಬ್ಯಾರನ್ಸ್‌ಗೆ ಆಡಿ, ಬಾಗಿಲು ತೆರೆದ ಮೇಲೆ 1951ರಲ್ಲಿ ಒಳಗೆ ಬಂದು, 1952ರ ಬಹುಪಾಲು ಮತ್ತು 1953 ಪೂರ್ತಿ ಸೈನ್ಯಕ್ಕೆ ಕೊಟ್ಟು, ಆದರೂ 660 ಹೋಮ್ ರನ್. ಫೀಲ್ಡಿಂಗ್‌ಗೆ ಗೋಲ್ಡ್ ಗ್ಲವ್ ಪ್ರಶಸ್ತಿ ಶುರುವಾದದ್ದೇ 1957ರಲ್ಲಿ, ಅಲ್ಲಿಂದ ಸತತ ಹನ್ನೆರಡು ವರ್ಷ ಅವನದೇ. ಅವನ ಎದುರು ಇದ್ದವರು ಕೋಫ್ಯಾಕ್ಸ್, ಬಾಬ್ ಗಿಬ್ಸನ್. ಪೈಪೋಟಿಗೆ ಆರನ್, ಫ್ರಾಂಕ್ ರಾಬಿನ್ಸನ್, ರಾಬರ್ಟೊ ಕ್ಲೆಮೆಂಟೆ. ಅಷ್ಟು ದಟ್ಟ ಕಾಡಿನಲ್ಲಿ ಎಲ್ಲರಿಗಿಂತ ಎತ್ತರ ಬೆಳೆಯುವುದು ಬಯಲಲ್ಲಿ ಬೆಳೆದಂತಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಡಿಯಂ ಮುಂದೆ ಅವನ ಪ್ರತಿಮೆ ಇದೆ, ಅಲ್ಲಿ ಸೆಲ್ಫಿ ತೆಗೆಸಿಕೊಂಡ ಕನ್ನಡದ ಟೆಕ್ಕಿಗಳ ಸಂಖ್ಯೆ ಸಣ್ಣದಲ್ಲ. ಮುಂದಿನ ಸಲ ಪೀಠದ ಮೇಲಿನ ಬರಹವನ್ನೂ ಓದಿ.

ಒಂದು ಬಾಕಿ ಕೆಲಸ ಇದೆ. 1920ರಿಂದ 1944ರವರೆಗೆ, ಅಂದರೆ ಗಿಬ್ಸನ್‌ನ ಆಟದ ಬಹುಪಾಲು ಕಾಲ, ಬೇಸ್‌ಬಾಲ್‌ನ ಕಮಿಷನರ್ ಆಗಿದ್ದವರು ನ್ಯಾಯಾಧೀಶ ಕೆನೆಸಾ ಮೌಂಟನ್ ಲ್ಯಾಂಡಿಸ್. ಅವರ ಅಷ್ಟೂ ವರ್ಷದಲ್ಲಿ ಒಬ್ಬ ಕಪ್ಪು ಆಟಗಾರನೂ ಒಳಗೆ ಬರಲಿಲ್ಲ. ಎಂವಿಪಿ ಪ್ರಶಸ್ತಿಯ ಫಲಕದ ಮೇಲೆ ಇದ್ದದ್ದು ಅವರದೇ ಹೆಸರು. ಮೇಸ್‌ಗೂ ಆರನ್‌ಗೂ ಕೊಟ್ಟದ್ದು ಅದೇ ಪ್ರಶಸ್ತಿ. 2020ರಲ್ಲಿ ಬೇಸ್‌ಬಾಲ್ ಬರಹಗಾರರ ಸಂಘ ಮತ ಹಾಕಿ ಆ ಹೆಸರನ್ನು ತೆಗೆಯಿತು. ಆ ಜಾಗಕ್ಕೆ ಗಿಬ್ಸನ್ ಹೆಸರು ಬರಲಿ ಎಂದು ಅವನ ಕುಟುಂಬದವರು ಅಂದಿನಿಂದ ಕೇಳುತ್ತಿದ್ದಾರೆ. ಮತ ಹಾಕುವವರು ಬೇಸ್‌ಬಾಲ್ ಪತ್ರಕರ್ತರು, ವರ್ಷವಿಡೀ ಯಾವ ಕಾಲದ ಯಾರು ದೊಡ್ಡವರು ಅಂತ ಬರೆದು ಅನ್ನ ತಿನ್ನುವವರು. ಹೆಸರು ಕೆತ್ತುವುದಕ್ಕೆ ಇನ್ಯಾವ ಅಂಕಿ ಬೇಕಂತೆ ಅವರಿಗೆ?